ಹಳೆ ಕಾರು: ಬಿಸಿ ಬಾರದ ಹೀಟರ್, ಕೆಳಗಿಳಿಯುವ ಬ್ರೇಕ್ ಪೆಡಲ್

ಪ್ರಶ್ನೆ: ನನ್ನದು 1998ರ ಮಾರುತಿ 800 ಎಸಿ. ಮಳೆಗಾಲದಲ್ಲಿ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತದೆ. ಹೀಟರ್ ಪೂರ್ತಿ ತಿರುಗಿಸಿದರೂ ತಣ್ಣನೆ ಗಾಳಿಯೇ. ಡ್ಯಾಶ್‌ಬೋರ್ಡ್ ಬಿಚ್ಚಿ ಹೀಟರ್ ಕೋರ್ (ಬಿಸಿನೀರು ಹರಿದು ಗಾಳಿ ಕಾಯಿಸುವ ಸಣ್ಣ ರೇಡಿಯೇಟರ್) ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಬೇರೆ ದಾರಿ ಉಂಟೇ? (ಓದುಗರು, ಮಡಿಕೇರಿ)

ಉತ್ತರ: ಡ್ಯಾಶ್‌ಬೋರ್ಡಿಗೆ ಈಗಲೇ ಕೈ ಹಾಕಬೇಡಿ. ಮೊದಲು ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್, ಇದೆಯೇ ನೋಡಿ. ಇಂಜಿನ್ ಬಿಸಿಯಾಗುತ್ತದೆ ಎಂದು ಅದನ್ನು ಕಿತ್ತು ಹಾಕಿದ ಹಳೆ ಗಾಡಿಗಳು ನಮ್ಮಲ್ಲಿ ತುಂಬಾ ಇವೆ. ಅದಿಲ್ಲದಿದ್ದರೆ ನೀರು ಸದಾ ರೇಡಿಯೇಟರಿಗೆ ಹರಿದು, ಕೊಡಗಿನ ಚಳಿಗೆ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಬೆಳಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟುತ್ತಿರಿ. ಥರ್ಮೋಸ್ಟಾಟ್ ಸರಿಯಿದ್ದರೆ ಆ ಹೋಸ್ ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದುಕೊಂಡೇ ಸಿಕ್ಕಿಬಿದ್ದಿದೆ. ಹೊಸದನ್ನು ಹಾಕುವ ಮುನ್ನ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚೊತ್ತಿದ ಉಷ್ಣತೆಯ ಆಸುಪಾಸಿನಲ್ಲಿ, ಅಂದರೆ 82 ಎಂದಿದ್ದರೆ ಸುಮಾರು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಬಾಯಿ ಬಿಡಬೇಕು. ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗಿರಲಿ. ಹಳೆ ಗ್ಯಾಸ್ಕೆಟ್ ಕೆರೆದು ತೆಗೆದು ಹೊಸದು ಹಾಕಿ. ಮುಚ್ಚಳ ಅಲ್ಯೂಮಿನಿಯಮ್ಮಿನದು, ಬೋಲ್ಟುಗಳನ್ನು ಜೋರಾಗಿ ಬಿಗಿದರೆ ಬಿರುಕು ಬಿಡುತ್ತದೆ.

ಥರ್ಮೋಸ್ಟಾಟ್ ಸರಿಯಿದ್ದೂ ಬಿಸಿ ಬಾರದಿದ್ದರೆ, ಇಂಜಿನ್ ಕಾದ ಮೇಲೆ ಹೀಟರ್ ಪೂರ್ತಿ ತೆರೆದು, ಒಳಗೆ ಹೋಗುವ ಎರಡು ಹೀಟರ್ ಹೋಸ್‌ಗಳನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ. ಫ್ಯಾನಿನಿಂದ ಕೈ ದೂರವಿರಲಿ. ಎರಡೂ ಬಿಸಿಯಿದ್ದರೆ ನೀರು ಹರಿಯುತ್ತಿದೆ, ದೋಷ ಗಾಳಿಯ ಫ್ಲ್ಯಾಪ್ ಅಥವಾ ಅದರ ಕೇಬಲಿನದು. ಒಂದು ಬಿಸಿ, ಒಂದು ತಣ್ಣಗೆ ಎಂದರೆ ಕೋರ್ ಕಟ್ಟಿಕೊಂಡಿದೆ ಅಥವಾ ಹೀಟರ್ ವಾಲ್ವ್ ತೆರೆದಿಲ್ಲ. ವಾಲ್ವಿನ ಕೇಬಲ್ ಕ್ಲಿಪ್ಪಿನಿಂದ ಜಾರಿರುವುದು ತೀರಾ ಸಾಮಾನ್ಯ, ಒಬ್ಬರು ಗುಂಡಿ ತಿರುಗಿಸುವಾಗ ಇನ್ನೊಬ್ಬರು ವಾಲ್ವಿನ ತೋಳು ಅಲುಗುತ್ತದೆಯೇ ನೋಡಿ. ಎರಡೂ ತಣ್ಣಗಿದ್ದರೆ ನೀರು ಕಡಿಮೆಯಿದೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಯಾರೋ ಎರಡು ತುದಿಗಳನ್ನೂ ಇಂಜಿನ್ ಬಳಿಯೇ ಜೋಡಿಸಿ ಹೀಟರನ್ನು ಕೈಬಿಟ್ಟಿದ್ದಾರೆ.

ಕಟ್ಟಿದ ಕೋರನ್ನು ಬಿಚ್ಚದೆಯೇ ತೊಳೆಯಬಹುದು. ತಣ್ಣಗಿರುವಾಗ ಎರಡೂ ಹೋಸ್ ಕಳಚಿ, ವಾಲ್ವ್ ತೆರೆದಿಟ್ಟು, ನೀರು ಹೊರಬರುತ್ತಿದ್ದ ಬದಿಯಿಂದ ತೋಟದ ಪೈಪಿನ ನೀರನ್ನು ಮೆಲ್ಲಗೆ ಬಿಡಿ. ತುಕ್ಕಿನ ಬಣ್ಣ ಹೋಗುವ ತನಕ ದಿಕ್ಕು ಬದಲಿಸುತ್ತಾ ತೊಳೆಯಿರಿ. ವಾಟರ್ ಸರ್ವೀಸಿನ ಪ್ರೆಶರ್ ಗನ್ ಬೇಡವೇ ಬೇಡ, ಹಳೆ ಬೆಸುಗೆ ಬಿಟ್ಟುಹೋಗುತ್ತದೆ. ಮತ್ತೆ ಬೋರ್‌ವೆಲ್ ನೀರು ತುಂಬಿಸಬೇಡಿ, ಸುಣ್ಣ ಕಟ್ಟುವುದೇ ಅದರಿಂದ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಗಾಡಿಯ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ, ಹೀಟರ್ ತೆರೆದು, ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿ. ಮೇಲಿನ ಹೋಸ್ ಅಮುಕುತ್ತಿದ್ದರೆ ಗುಳ್ಳೆಗಳು ಹೊರಬರುತ್ತವೆ, ಮಟ್ಟ ಇಳಿದಂತೆ ತುಂಬುತ್ತಿರಿ. ಕಾದ ಇಂಜಿನ್ನಿನ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ. ಚೆಲ್ಲಿದ ಕೂಲೆಂಟ್ ಒರೆಸಿಬಿಡಿ: ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಅದು ವಿಷ.

ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆ, ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡಿನ ಪೊರೆ ಇದ್ದರೆ ಮಾತ್ರ ಕೋರ್ ಸೋರುತ್ತಿದೆ. ಆಗ ಗ್ಯಾರೇಜಿನವರು ಹೇಳಿದ್ದೇ ಸರಿ. ಹೀಟರ್ ಸರಿಹೋದ ಮೇಲೆ ಎಸಿಯನ್ನೂ ಜೊತೆಗೆ ಹಾಕಿ. ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಗಾಜು ಬೆಚ್ಚಗಿಡುತ್ತದೆ, ಮಂಜು ಬೇಗ ಬಿಡುತ್ತದೆ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಸರಿಹೋಗುತ್ತದೆ. ಮಾಸ್ಟರ್ ಸಿಲಿಂಡರ್ ಬದಲಿಸಬೇಕೇ? (ಓದುಗರು, ಮೂಡಿಗೆರೆ)

ಉತ್ತರ: ನಿಮ್ಮ ಲಕ್ಷಣ ಹಳೆ ಬ್ರೇಕ್ ಆಯಿಲಿನದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು, ತೇವ ಹಿಡಿದರೆ ಅದು 140ರವರೆಗೂ ಇಳಿಯಬಹುದು. ಇಳಿಜಾರಿನಲ್ಲಿ ಒತ್ತುತ್ತಲೇ ಬಂದಾಗ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ, ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಬೇರೆ ಥರ: ನಿಂತ ಗಾಡಿಯಲ್ಲೂ ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಮುಳುಗುತ್ತದೆ. ಎರಡು ಸಲ ಪಂಪ್ ಮಾಡಿದಾಗ ಪೆಡಲ್ ಮೇಲೆ ಬರುವುದಾದರೆ ಒಳಗೆ ಗಾಳಿಯಿದೆ ಅಥವಾ ಹಿಂಚಕ್ರದ ಬ್ರೇಕ್ ಲೈನರ್ ಸವೆದು ಅಡ್ಜಸ್ಟ್‌ಮೆಂಟ್ ಸಡಿಲವಾಗಿದೆ.

ಆಯಿಲ್ ಬದಲಿಸಲು ಸೀಲ್ ಒಡೆಯದ ಒಂದು ಲೀಟರ್, ಪಾರದರ್ಶಕ ಸಣ್ಣ ಪೈಪು, ಒಂದು ಬಾಟಲಿ, ಜೊತೆಗೊಬ್ಬರು ಬೇಕು. ಗಾಡಿಯನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜ್ಯಾಕ್ ಅಥವಾ ಸಿಮೆಂಟ್ ಇಟ್ಟಿಗೆ ನಂಬಿ ಕೆಳಗೆ ಹೋಗಬೇಡಿ. ಪ್ರತಿ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡಲು ಇರುವ ಬ್ಲೀಡರ್ ನಿಪ್ಪಲ್‌ಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಿಂಗ್ ಸ್ಪ್ಯಾನರನ್ನೇ ಬಳಸಿ. ಮೊದಲು ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯ ಕಪ್ಪು ಆಯಿಲ್ ಹೀರಿ ತೆಗೆದು ಹೊಸದು ತುಂಬಿ. ನಿಪ್ಪಲ್‌ಗೆ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಒಳಗಿನವರು ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಅರ್ಧ ಸುತ್ತು ತೆರೆಯಿರಿ, ಅವರು ಕಾಲೆತ್ತುವ ಮೊದಲೇ ಮುಚ್ಚಿ. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಗುಳ್ಳೆಯಿಲ್ಲದ ತಿಳಿ ಆಯಿಲ್ ಬರುವ ತನಕ ನಾಲ್ಕೂ ಚಕ್ರಕ್ಕೆ ಹೀಗೆ ಮಾಡಿ. ನಡುನಡುವೆ ಡಬ್ಬಿ ನೋಡುತ್ತಿರಿ, ಖಾಲಿಯಾದರೆ ಮತ್ತೆ ಮೊದಲಿನಿಂದ.

ಹಳೆ ಗಾಡಿಗೆ ಒಂದು ವಿಶೇಷ ಎಚ್ಚರ. ಪೆಡಲನ್ನು ನೆಲ ಮುಟ್ಟುವ ತನಕ ಒತ್ತಬೇಡಿ, ಕೆಳಗೊಂದು ಮರದ ತುಂಡು ಇಡಿ. ಪಿಸ್ಟನ್ ದಿನವೂ ಓಡಾಡದ ಭಾಗದಲ್ಲಿ ತುಕ್ಕು ಕೂತಿರುತ್ತದೆ, ರಬ್ಬರ್ ಕಪ್ ಅಲ್ಲಿ ಉಜ್ಜಿ ಹರಿದರೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಅಂದೇ ಕೆಡುತ್ತದೆ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ಹೊಸ ಆಯಿಲ್ ಕೂಡ ನಾಲ್ಕನೇ ಗೇರಿನ ಇಳಿತಕ್ಕೆ ಮದ್ದಲ್ಲ.

ಪ್ರಶ್ನೆ: ಎಡ ಮುಂಚಕ್ರ ಮುಟ್ಟಲಾಗದಷ್ಟು ಕಾಯುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. (ಓದುಗರು, ಹಾಸನ)

ಉತ್ತರ: ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ. ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು ತಿರುಗಿಸಿ. ಬಿಗಿಯಾಗಿದ್ದರೆ ನಿಪ್ಪಲ್ ಸ್ವಲ್ಪ ತೆರೆಯಿರಿ. ಆಯಿಲ್ ಚಿಮ್ಮಿ ಚಕ್ರ ಸಡಿಲಾದರೆ ಒತ್ತಡ ಹಿಂದೆ ಹೋಗುತ್ತಿಲ್ಲ ಎಂದರ್ಥ. ಹೆಚ್ಚಾಗಿ ರಬ್ಬರ್ ಹೋಸ್ ಒಳಗೇ ಊದಿ ದಾರಿ ಮುಚ್ಚಿರುತ್ತದೆ, ಹೊರಗಿನಿಂದ ಅದು ಹೊಸದರಂತೆಯೇ ಕಾಣಬಹುದು. ಎಡ ಬಲ ಎರಡೂ ಹೋಸ್ ಬದಲಿಸಿ. ನಿಪ್ಪಲ್ ತೆರೆದರೂ ಬಿಗಿಯಾಗಿಯೇ ಇದ್ದರೆ ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ ಅಥವಾ ಪಿಸ್ಟನ್ ತುಕ್ಕು ಹಿಡಿದಿದೆ. ಪಿನ್‌ಗಳನ್ನು ಉಜ್ಜಿ ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಚ್ಚಿ, ಬೇರಿಂಗ್ ಗ್ರೀಸ್ ರಬ್ಬರನ್ನು ಊದಿಸುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಹೋಸಿನ ಮೇಲೆ ಜೋತಾಡಲು ಬಿಡದೆ ತಂತಿಯಲ್ಲಿ ಕಟ್ಟಿ. ಧೂಳನ್ನು ಊದಬೇಡಿ, ಹಳೆ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಡಾಟ್ 3 ಇರುವ ಗಾಡಿಗೆ ಡಾಟ್ 4 ಹಾಕಬಹುದೇ? (ಓದುಗರು, ತುಮಕೂರು)

ಉತ್ತರ: ಹಾಕಬಹುದು, ಎರಡೂ ಬೆರೆಯುತ್ತವೆ. ಸಿಲಿಕಾನಿನ ಡಾಟ್ 5 ಮಾತ್ರ ಬೇಡ. ಕಳೆದ ವರ್ಷ ತೆರೆದಿಟ್ಟ ಬಾಟಲಿ ಬಳಸಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಸ್ವಲ್ಪ ಹೊತ್ತು ಬಿಟ್ಟರೂ ಪೇಂಟ್ ಎದ್ದುಬರುತ್ತದೆ.