ದೀಪ ಉರಿಯುತ್ತದೆ, ಇಂಟರ್ನೆಟ್ ಬರುವುದಿಲ್ಲ

ಪ್ರಶ್ನೆ: ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಹಾಸ್ಟೆಲ್‌ನಲ್ಲಿ ವೈಫೈ ಕಾರಿಡಾರಿಗಷ್ಟೇ. ಕೋಣೆಯೊಳಗೆ ಗೋಡೆಯ ಲ್ಯಾನ್ ಸಾಕೆಟ್ಟೇ ಗತಿ. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲದ್ದರಿಂದ ಯುಎಸ್‌ಬಿ ಅಡಾಪ್ಟರ್ ಕೊಂಡೆ. ಅದರ ದೀಪ ಉರಿಯುತ್ತದೆ, ಆದರೆ ಐಪಿ ವಿಳಾಸ (ಜಾಲ ಸೇರಿದ ಯಂತ್ರಕ್ಕೆ ಸಿಗುವ ಸಂಖ್ಯೆ) 169.254 ಎಂದು ಶುರುವಾಗುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಅದೇ ಕೇಬಲ್ಲಿನಲ್ಲಿ ರೂಮ್‌ಮೇಟ್ ಲ್ಯಾಪ್‌ಟಾಪ್ ಸರಾಗವಾಗಿ ನಡೆಯುತ್ತದೆ. ವರ್ಷದ ಆರಂಭದಲ್ಲೇ ಫಾರಂನಲ್ಲಿ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಬರೆದುಕೊಟ್ಟಿದ್ದೇನೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ್ದೂ ಆಯಿತು. ವಾರ್ಡನ್ ಕಂಪ್ಯೂಟರ್ ವಿಭಾಗದತ್ತ ಕೈ ತೋರಿಸುತ್ತಾರೆ, ಅವರು ನನ್ನ ಲ್ಯಾಪ್‌ಟಾಪಿನತ್ತ.

ಉತ್ತರ: ವಿಂಡೋಸ್ ಅಳಿಸುವ ಮೊದಲೇ ಬರೆದಿದ್ದರೆ ನಿಮ್ಮ ಒಂದು ಭಾನುವಾರವಾದರೂ ಉಳಿಯುತ್ತಿತ್ತು.

ರೂಮ್‌ಮೇಟ್‌ಗೆ ಇಂಟರ್ನೆಟ್ ಬರುತ್ತಿದೆ ಎಂದ ಮೇಲೆ ಗೋಡೆ, ಸಾಕೆಟ್, ಕೇಬಲ್ ಮೂರೂ ಸರಿಯಿವೆ. ಗುಟ್ಟಿರುವುದು ಆ 169.254ರಲ್ಲಿ. ಅದು ಹಾಸ್ಟೆಲ್ ಕೊಟ್ಟ ವಿಳಾಸವಲ್ಲ. ಕೇಬಲ್ ಸಿಕ್ಕಿಸಿದೊಡನೆ ಲ್ಯಾಪ್‌ಟಾಪ್ ತನಗೊಂದು ವಿಳಾಸ ಬೇಕೆಂದು ಕೂಗಿ ಕೇಳುತ್ತದೆ. ಅದನ್ನು ಡಿಎಚ್‌ಸಿಪಿ ಸರ್ವರ್, ಅಂದರೆ ಜಾಲದಲ್ಲಿ ಐಪಿ ಹಂಚುವ ಯಂತ್ರ, ಕೊಡಬೇಕು. ಯಾರೂ ಓಗೊಡದಿದ್ದರೆ ವಿಂಡೋಸ್ ತನಗೆ ತಾನೇ ಇಂಥದೊಂದು ಸಂಖ್ಯೆ ಇಟ್ಟುಕೊಂಡು ಕೂರುತ್ತದೆ.

ಓಗೊಡದಿರಲು ಕಾರಣ ಬಹುಶಃ ನೀವು ತುಂಬಿಕೊಟ್ಟ ಆ ಫಾರಂ. ಮ್ಯಾಕ್ ವಿಳಾಸ ಲ್ಯಾಪ್‌ಟಾಪಿಗೆ ಒಂದೇ ಅಲ್ಲ. ವೈಫೈಗೆ ಒಂದು, ಬ್ಲೂಟೂತ್‌ಗೆ ಒಂದು, ಆಮೇಲೆ ಕೊಂಡ ಯುಎಸ್‌ಬಿ ಅಡಾಪ್ಟರ್‌ಗೆ ಅದರದೇ ಇನ್ನೊಂದು. ಫಾರಂ ಕೊಟ್ಟಾಗ ಅಡಾಪ್ಟರ್ ಇರಲೇ ಇಲ್ಲವಾದರೆ ನೀವು ಬರೆದದ್ದು ವೈಫೈಯದು. ಪಟ್ಟಿಯಲ್ಲಿರುವ ಮ್ಯಾಕ್ ವಿಳಾಸಗಳಿಗಷ್ಟೇ ಸರ್ವರ್ ಓಗೊಡುವಂತಿದ್ದರೆ, ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಬಾಗಿಲಿಗೆ ಬಂದವನು ಬೇರೆ.

ಅಡಾಪ್ಟರ್ ಹಾಕಿಕೊಂಡೇ ಕಮಾಂಡ್ ಪ್ರಾಂಪ್ಟ್ ತೆರೆದು ‘ipconfig /all’ ಆಜ್ಞೆ ಕೊಡಿ. ಉದ್ದನೆಯ ಪಟ್ಟಿ ಬರುತ್ತದೆ. ‘ಈಥರ್ನೆಟ್ ಅಡಾಪ್ಟರ್’ ಎಂಬ ತಲೆಬರಹ ಬ್ಲೂಟೂತ್‌ಗೂ ಇರುತ್ತದೆ, ಮೋಸ ಹೋಗಬೇಡಿ. ವಿವರಣೆಯಲ್ಲಿ ಯುಎಸ್‌ಬಿ ಎಂದಿರುವುದನ್ನು ಹುಡುಕಿ. ಅದರ ಕೆಳಗಿನ ‘ಫಿಸಿಕಲ್ ಅಡ್ರೆಸ್’, ಎರಡೆರಡು ಅಕ್ಷರಗಳ ಆರು ಜೋಡಿ, ಅದನ್ನೇ ಬರೆದುಕೊಡಬೇಕು. ಕೈಬರಹದಲ್ಲಿ 8 ಮತ್ತು ಬಿ, 0 ಮತ್ತು ಡಿ ಕಲಸಿಹೋಗುವುದು ನಾನು ಕಂಡ ಮಾತು. ಮುದ್ರಿಸಿ ಅಥವಾ ಇಮೇಲ್ ಮಾಡಿ.

ಇನ್ನೊಂದು ಸಾಧ್ಯತೆಯೂ ಇದೆ. ಕೆಲವೆಡೆ ಸಾಕೆಟ್‌ಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯ ಪ್ರತಿ ಪೋರ್ಟ್ ಒಂದೇ ಯಂತ್ರವನ್ನು ಒಪ್ಪುವಂತೆ ಕಟ್ಟಿರುತ್ತಾರೆ. ಹಾಗಿದ್ದರೆ ರೂಮ್‌ಮೇಟ್ ಲ್ಯಾಪ್‌ಟಾಪ್ ಇದ್ದ ಸಾಕೆಟ್ ನಿಮ್ಮದನ್ನು ಹತ್ತಿರ ಸೇರಿಸುವುದಿಲ್ಲ, ಅದನ್ನು ಸಡಿಲಿಸಬೇಕಾದವರೂ ಕಂಪ್ಯೂಟರ್ ವಿಭಾಗದವರೇ. ರೂಮ್‌ಮೇಟ್‌ನ ಮ್ಯಾಕ್ ವಿಳಾಸವನ್ನೇ ನಕಲು ಮಾಡಿಕೊಳ್ಳಲು ಯಾರಾದರೂ ಹೇಳಿಕೊಟ್ಟಾರು. ಬೇಡ. ಒಂದೇ ವಿಳಾಸದ ಎರಡು ಯಂತ್ರ ಜಾಲದಲ್ಲಿದ್ದರೆ ಇಬ್ಬರಿಗೂ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ, ಸಿಕ್ಕಿಬಿದ್ದರೆ ಇಬ್ಬರದೂ ಬಂದ್.

ಹೊಸ ಮ್ಯಾಕ್ ವಿಳಾಸ ದಾಖಲಾದ ಮೇಲೆ 192.168 ಎಂದು ಶುರುವಾಗುವ ಐಪಿ ಸಂಖ್ಯೆ ಬಂದು ಇಂಟರ್ನೆಟ್ ಮಾತ್ರ ಬರದಿದ್ದರೆ, ರೂಮ್‌ಮೇಟ್‌ನ ಸಂಖ್ಯೆಯೊಡನೆ ಹೋಲಿಸಿ. ಅದು ಬೇರೆ ಬಗೆಯದಾಗಿದ್ದರೆ ಅದೇ ಮಹಡಿಯಲ್ಲಿ ಯಾರೋ ವೈಫೈ ರೂಟರ್ ತಂದು, ವ್ಯಾನ್ (WAN) ಎಂಬ ತೂತಿಗೆ ಹಾಕಬೇಕಾದ ಕೇಬಲ್ಲನ್ನು ಲ್ಯಾನ್ (LAN) ತೂತಿಗೆ ಹಾಕಿರಬಹುದು. ಆ ಪುಟ್ಟ ಪೆಟ್ಟಿಗೆ ತಾನೇ ಸರ್ವರ್ ಎಂಬಂತೆ ನೆರೆಯವರಿಗೆಲ್ಲ ವಿಳಾಸ ಹಂಚುತ್ತಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಮಹಡಿಯೇ ಮುಗ್ಗರಿಸುವುದು ಇದರಿಂದಲೂ ಉಂಟು.

ವಿಭಾಗಕ್ಕೆ ಬರೆಯುವಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಮತ್ತೆ ಅದೇ ಉತ್ತರ ಬಂದೀತು. ಕೋಣೆ ಸಂಖ್ಯೆ, ಸಾಕೆಟ್ಟಿನ ಮೇಲೆ ಅಂಟಿಸಿದ ಸಂಖ್ಯೆ, ಅಡಾಪ್ಟರ್‌ನ ಮ್ಯಾಕ್ ವಿಳಾಸ, ಬಂದ ಐಪಿ, ಪ್ರಯತ್ನಿಸಿದ ಸಮಯ ಇಷ್ಟನ್ನೂ ಬರೆಯಿರಿ. ರೂಮ್‌ಮೇಟ್‌ಗೆ ಅದೇ ಕೇಬಲ್ಲಿನಲ್ಲಿ ಬರುತ್ತಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿ.