ಓದುಗರ ಪ್ರಶ್ನೆ: ಕಲ್ಚರ್ ರಿಪೋರ್ಟಿನಲ್ಲಿ ಸಾಲು ಸಾಲು ‘ಆರ್’

ಪ್ರಶ್ನೆ: ನನಗೆ 58 ವರ್ಷ. ಉರಿಮೂತ್ರಕ್ಕೆ ಸೆಫಿಕ್ಸಿಮ್ ಮಾತ್ರೆ ತೆಗೆದುಕೊಂಡೆ, ವಾಸಿಯಾಗಲಿಲ್ಲ. ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ‘ಇಎಸ್‌ಬಿಎಲ್ ಇ. ಕೋಲೈ’ ಎಂದು ಬಂದಿದೆ. ಅರ್ಧಕ್ಕಿಂತ ಹೆಚ್ಚು ಔಷಧಿಗಳ ಮುಂದೆ ‘ಆರ್’, ಅಂದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ಜ್ವರವಿಲ್ಲ. ಆಸ್ಪತ್ರೆ ಸೇರಿ ಇಂಜೆಕ್ಷನ್ ತೆಗೆದುಕೊಳ್ಳಲೇಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಜ್ವರ, ಚಳಿನಡುಕ, ಪಕ್ಕೆನೋವು ಇಲ್ಲದಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇಎಸ್‌ಬಿಎಲ್ ಎಂಬುದು ಹೊಸ ರೋಗವಲ್ಲ, ಇ. ಕೋಲೈ ಎಂಬ ಆ ಬ್ಯಾಕ್ಟೀರಿಯಾ ತಯಾರಿಸುವ ಕಿಣ್ವ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿಗಳನ್ನು ಅದು ಒಡೆದುಹಾಕುತ್ತದೆ. ಅದೇ ಮಾತ್ರೆಯನ್ನು ಇನ್ನೊಂದು ವಾರ ನುಂಗಿ ಪ್ರಯೋಜನವಿಲ್ಲ.

ರಿಪೋರ್ಟಿನಲ್ಲಿ ನೈಟ್ರೊಫ್ಯುರಾಂಟಾಯಿನ್ ಮತ್ತು ಫಾಸ್ಫೊಮೈಸಿನ್ ಸಾಲುಗಳನ್ನು ಹುಡುಕಿ. ‘ಎಸ್’ (ಬ್ಯಾಕ್ಟೀರಿಯಾ ಬಗ್ಗುತ್ತದೆ) ಇದ್ದರೆ ವೈದ್ಯರ ಜೊತೆ ಮಾತಾಡಿ. ಮೊದಲನೆಯದು ನಿಧಾನವಾಗಿ ಕರಗುವ ರೂಪದಲ್ಲಿ 100 ಮಿ.ಗ್ರಾಂ., ದಿನಕ್ಕೆ ಎರಡು ಸಲ, 5 ದಿನ. ಊಟದ ಜೊತೆಗೇ ತೆಗೆದುಕೊಳ್ಳಿ; ವಾಕರಿಕೆ ಕಡಿಮೆ, ದೇಹಕ್ಕೆ ಸೇರುವುದು ಹೆಚ್ಚು. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಈ ಔಷಧಿ ಮೂತ್ರಕ್ಕೆ ಸಾಕಷ್ಟು ಇಳಿಯುವುದಿಲ್ಲ, ಆದ್ದರಿಂದ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಿಸಿ. ಫಾಸ್ಫೊಮೈಸಿನ್ ಪುಡಿ 3 ಗ್ರಾಂ, ಒಂದೇ ಸಲ: ರಾತ್ರಿ ಊಟವಾಗಿ ಎರಡು ಮೂರು ಗಂಟೆಯ ನಂತರ, ಮೂತ್ರ ಮಾಡಿ ಬಂದು, ಅರ್ಧ ಲೋಟ ತಣ್ಣೀರಿನಲ್ಲಿ ಕರಗಿಸಿ ಕುಡಿದು ಮಲಗುವುದು. ಬಿಸಿನೀರು ಬೇಡ. ಉರಿ ತಗ್ಗಲು ಎರಡು ಮೂರು ದಿನ ಹಿಡಿಯುತ್ತದೆ.

ಇವೆರಡೂ ಮೂತ್ರದಲ್ಲಿ ಸಾಂದ್ರವಾಗುತ್ತವೆ, ಮೂತ್ರಪಿಂಡದ ಒಳಗೆ, ರಕ್ತದಲ್ಲಿ ಸಾಲುವುದಿಲ್ಲ. ಆದ್ದರಿಂದ ಜ್ವರ ಬಂದ ದಿನ ಲೆಕ್ಕವೇ ಬದಲು: ಆಗ ಮೆರೊಪೆನೆಮ್ ಅಥವಾ ಎರ್ಟಾಪೆನೆಮ್ ಇಂಜೆಕ್ಷನ್ ಬೇಕಾಗಬಹುದು. ಎರ್ಟಾಪೆನೆಮ್ ದಿನಕ್ಕೊಮ್ಮೆ 1 ಗ್ರಾಂ ಆದ್ದರಿಂದ ಎಷ್ಟೋ ಜನ ದಿನವೂ ಬಂದು ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ.

ಇನ್ನೊಂದು ಮಾತು. ರಿಪೋರ್ಟಿನ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧಿಯ ಕನಿಷ್ಠ ಸಾಂದ್ರತೆ) ಅಂಕಿಗಳನ್ನು ಹೋಲಿಸಿ ‘ಇದು ಚಿಕ್ಕದು, ಇದೇ ಒಳ್ಳೆಯ ಔಷಧಿ’ ಎಂದು ಹಲವರು ಆರಿಸುತ್ತಾರೆ. ತಪ್ಪು. ಪ್ರತಿ ಔಷಧಿಗೂ ಅದರದೇ ಮಿತಿ ಇದೆ. ಒಂದರ 16 ಇನ್ನೊಂದರ 2ಕ್ಕಿಂತ ಮೇಲಾಗಿರಬಹುದು.

ಮುಟ್ಟು ನಿಂತಿದ್ದು ಸೋಂಕು ಮರುಕಳಿಸುತ್ತಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಸೋಂಕು ಪದೇ ಪದೇ ಬರುವುದನ್ನು ಅದು ನಿಜವಾಗಿ ಕಡಿಮೆ ಮಾಡುತ್ತದೆ, ನಮ್ಮಲ್ಲಿ ಬರೆದುಕೊಡುವವರು ಕಡಿಮೆ.

ಪ್ರಶ್ನೆ: ತಂದೆಗೆ ಮೂರು ವಾರದಿಂದ ಕ್ಯಾತಿಟರ್ (ಮೂತ್ರದ ನಳಿಕೆ) ಇದೆ. ಚೀಲದಿಂದ ತೆಗೆದ ಮೂತ್ರದಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ, ಎರಡೂ ಔಷಧಿಗೆ ಬಗ್ಗದವು. ಅವರು ಚೆನ್ನಾಗಿಯೇ ಇದ್ದಾರೆ.
– ಓದುಗರೊಬ್ಬರು, ಶಿರಸಿ

ಉತ್ತರ: ಹಾಗಿದ್ದರೆ ಆಂಟಿಬಯಾಟಿಕ್ ಬೇಡ. ನಳಿಕೆ ವಾರಗಟ್ಟಲೆ ಇದ್ದರೆ ಅದರ ಒಳಮೈಗೆ ಬ್ಯಾಕ್ಟೀರಿಯಾಗಳ ಲೋಳೆಪದರ ಕಟ್ಟುತ್ತದೆ. ಚೀಲದಲ್ಲಿ ನಿಂತ ಮೂತ್ರದಲ್ಲಂತೂ ಅವು ದುಪ್ಪಟ್ಟಾಗುತ್ತಲೇ ಇರುತ್ತವೆ. ಈಗ ಕೊಡುವ ಔಷಧಿ ಅವನ್ನು ನಿರ್ಮೂಲ ಮಾಡದು, ಇನ್ನೂ ಗಟ್ಟಿ ತಳಿಗೆ ಜಾಗ ಮಾಡಿಕೊಡುತ್ತದೆ.

ಜ್ವರ, ನಡುಕ ಅಥವಾ ಹೊಸದಾಗಿ ಗೊಂದಲದ ಮಾತು ಕಂಡರೆ ತಕ್ಷಣ ವೈದ್ಯರಲ್ಲಿ ಕರೆದೊಯ್ಯಿರಿ. ಹಳೆಯ ನಳಿಕೆ ತೆಗೆದು ಹೊಸದು ಹಾಕಿಸಿ, ಹೊಸದರಿಂದ ಮಾದರಿ ತೆಗೆಯಬೇಕು, ಆಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆ. ಮಾದರಿ 2 ಗಂಟೆಯೊಳಗೆ ಲ್ಯಾಬ್ ಸೇರಲಿ. ಆಗದಿದ್ದರೆ ಫ್ರಿಜ್‌ನಲ್ಲಿಡಿ, 24 ಗಂಟೆ ಮೀರಬಾರದು. ಜೊತೆಗೆ, ನಳಿಕೆ ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ.

ಪ್ರಶ್ನೆ: ಅತ್ತೆಗೆ ಇಎಸ್‌ಬಿಎಲ್ ಬಂದಿತ್ತು. ಮನೆಯಲ್ಲಿ ಮಗುವಿದೆ. ತಟ್ಟೆ ಲೋಟ ಬೇರೆ ಇಡಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ, ಅವರು ಮಗುವನ್ನು ಎತ್ತಿಕೊಳ್ಳಲಿ. ಈ ಬ್ಯಾಕ್ಟೀರಿಯಾದ ಬಿಡಾರ ಕರುಳು. ಹರಡುವುದು ಮುಖ್ಯವಾಗಿ ಕೈ ಮೂಲಕ. ಶೌಚದ ನಂತರ, ಅಡುಗೆಗೆ ಮುಂಚೆ, ಮಗುವಿನ ಡಯಾಪರ್ ಬದಲಿಸಿದ ಮೇಲೆ ಸೋಪಿನಿಂದ 20 ಸೆಕೆಂಡು ಉಜ್ಜಿ ತೊಳೆದರೆ ಸಾಕು. ಕರುಳಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯಬಹುದು, ಅದನ್ನು ಓಡಿಸಲೆಂದು ಮಾತ್ರೆ ಕೊಡುವುದಿಲ್ಲ. ರಿಪೋರ್ಟಿನ ಫೋಟೊ ಮೊಬೈಲಿನಲ್ಲಿ ಇರಲಿ. ಮುಂದೆ ಅವರಿಗೆ ಜ್ವರವೆಂದು ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸಿ. ಮೊದಲ ಇಂಜೆಕ್ಷನ್ ಯಾವುದೆಂದು ವೈದ್ಯರು ಅದರ ಮೇಲೆ ನಿರ್ಧರಿಸಬಹುದು.