ಪ್ರಾರ್ಥನೆಯ ಸಂಗೀತ, ಸಹಾಯಾರ್ಥ ವೇದಿಕೆ: ಸಂಪಾದಕರ ಉತ್ತರ

ಮಾನ್ಯರೇ,

ಲಂಡನ್ನಿನ ಚರ್ಚೊಂದರಲ್ಲಿ ಮನೆಯಿಲ್ಲದವರ ನೆರವಿಗಾಗಿ ನಡೆದ ವೃಂದಗಾಯನದ ಬಗ್ಗೆ ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಬರಹವನ್ನು ಓದಿ ಮಂಗಳೂರಿನಿಂದ ತಾವು ಬರೆದ ಪತ್ರ ತಲುಪಿತು. ಮೃತರ ಆತ್ಮಶಾಂತಿಗಾಗಿ ರಚಿತವಾದ ಬಲಿಪೂಜೆಯ (ಕ್ರೈಸ್ತರ ‘ಮಾಸ್’ ಆರಾಧನೆಯ) ಸಂಗೀತವನ್ನು ಟಿಕೆಟ್ ಇಟ್ಟು ಹಾಡಿಸುವುದು, ಅದರಲ್ಲೂ ನಂಬಿಕೆ ಇಲ್ಲದವರು ಹಾಡುವುದು, ಪ್ರಾರ್ಥನೆಯನ್ನು ಮಾರಿದಂತಲ್ಲವೇ ಎಂದು ಕೇಳಿದ್ದೀರಿ. ಅರ್ಥವಾಗದ ಲ್ಯಾಟಿನ್ ಏಕೆ ಎಂಬುದು ತಮ್ಮ ಎರಡನೆಯ ಪ್ರಶ್ನೆ.

ಈ ಸಂಗೀತಕ್ಕೂ ದಾನಧರ್ಮಕ್ಕೂ ಇರುವ ನಂಟು ಇಂದಿನ ಸಂಘಟಕರು ಹೊಸದಾಗಿ ಹೆಣೆದದ್ದಲ್ಲ. ಅಂದು ಹಾಡಿದ ಕೃತಿಯ ಕರ್ತೃ, ಸ್ಪೇನಿನ ತೋಮಾಸ್ ಲೂಯಿಸ್ ದೆ ವಿಕ್ಟೋರಿಯಾ, ಸ್ವತಃ ಪಾದ್ರಿ. 1578ರಿಂದ 1585ರವರೆಗೆ ಅವರು ರೋಮಿನ ಸಾನ್ ಜಿರೋಲಮೊ ದೆಲ್ಲಾ ಕರಿತಾ ಚರ್ಚಿನಲ್ಲಿದ್ದರು, ಮತ್ತು ಬಡವರ, ಸೆರೆಯಾಳುಗಳ ಸೇವೆಗೆಂದೇ ಹುಟ್ಟಿದ ಸಂಘವೊಂದರ ನೆಲೆ ಅದೇ ಚರ್ಚಾಗಿತ್ತು. ಅದೇ ನಗರದಲ್ಲಿ ಸಂತ ಫಿಲಿಪ್ಪೊ ನೇರಿ 1548ರಲ್ಲಿ ಕಟ್ಟಿದ ಇನ್ನೊಂದು ಸಂಘ ಯಾತ್ರಿಕರಿಗೆ ಊಟ, ವಸತಿ ಕೊಡುತ್ತಿತ್ತು, ಆಸ್ಪತ್ರೆಯಿಂದ ಹೊರಬಂದ ದುರ್ಬಲರನ್ನು ಆರೈಕೆ ಮಾಡುತ್ತಿತ್ತು. 1578ರ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅಲ್ಲಿನ ಸಂಗೀತವನ್ನು ನಡೆಸಿಕೊಟ್ಟವರು ಆ ಕಾಲದ ಹೆಸರಾಂತ ಸಂಗೀತ ರಚನಕಾರ ಪ್ಯಾಲೆಸ್ಟ್ರೀನಾ. ಇಂಥ ಸಂಘಗಳಲ್ಲಿ ಹಾಡಲು ಸಂಭಾವನೆ ಪಡೆಯುವ ವೃತ್ತಿಗಾಯಕರನ್ನೂ ಕರೆಸುತ್ತಿದ್ದರು. ಹಣದ ಸೋಂಕು ತಗುಲಿದ ಮಾತ್ರಕ್ಕೆ ಪ್ರಾರ್ಥನೆ ಮೈಲಿಗೆಯಾಗುತ್ತದೆಂದು ಅಂದಿನ ಭಕ್ತರೇ ಎಣಿಸಿರಲಿಲ್ಲ.

ಇನ್ನು ಕೃತಿಯನ್ನೇ ನೋಡೋಣ. 1603ರಲ್ಲಿ ಮಡ್ರಿಡ್‌ನಲ್ಲಿ ತೀರಿಕೊಂಡ ಪವಿತ್ರ ರೋಮನ್ ಸಾಮ್ರಾಜ್ಯದ ವಿಧವೆ ಸಾಮ್ರಾಜ್ಞಿ ಮರಿಯಾ ಅವರಿಗಾಗಿ ವಿಕ್ಟೋರಿಯಾ ಇದನ್ನು ರಚಿಸಿದರು. 1605ರಲ್ಲಿ ಅದು ಅಚ್ಚಾಯಿತು. ಆರು ಧ್ವನಿಗಳ ಈ ರಚನೆಯ ಬಹುಭಾಗದಲ್ಲಿ ಎರಡನೆಯ ಸೊಪ್ರಾನೊ (ಮೇಲಿನ ಸ್ಥಾಯಿಯ ಧ್ವನಿ) ಹಳೆಯ ಏಕಧ್ವನಿಯ ಚರ್ಚುಗೀತೆಯನ್ನು ನಿಧಾನವಾದ ದೀರ್ಘ ಸ್ವರಗಳಲ್ಲಿ ಹಿಡಿದಿರುತ್ತದೆ, ಉಳಿದ ಐದು ಧ್ವನಿಗಳು ಅದರ ಸುತ್ತ ಒಂದರ ಬೆನ್ನಿಗೊಂದು ಬಂದು ಸೇರುತ್ತವೆ. ಉಸಿರಿನ ಹದ ತಪ್ಪಿ ಒಬ್ಬರು ತುಸು ಮುಂದೆ ಓಡಿದರೂ ಇಡೀ ಬಂಧ ಸಡಿಲವಾಗುತ್ತದೆ. ಹಾಗಾಗಿ ಗಾಯಕರ ನಂಬಿಕೆಯನ್ನು ಅಳೆಯಲು ನಾನು ಹೋಗಲಾರೆ. ತಿಂಗಳುಗಟ್ಟಲೆ ಒಬ್ಬರಿಗೊಬ್ಬರು ಕಿವಿಗೊಟ್ಟು ಕಲಿಯದೆ ಇದನ್ನು ಹಾಡಲಾಗದು, ಆ ಶ್ರದ್ಧೆಯನ್ನು ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಈ ಕೃತಿಯ ಮೂಲ ಮಾತು ‘ಅವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು’ ಎಂಬುದು. ತನಗಾಗಿ ಅಲ್ಲ, ಇನ್ನೊಬ್ಬರಿಗಾಗಿ ಬೇಡುವ ಆ ಹಾಡಿನಿಂದ ತಲೆಯ ಮೇಲೆ ಸೂರಿಲ್ಲದವರಿಗೆ ಒಂದು ರಾತ್ರಿಯ ಆಸರೆ ದೊರೆತರೆ ಅದರಲ್ಲಿ ಅಪಚಾರವೇನೂ ನನಗೆ ಕಾಣುವುದಿಲ್ಲ.

ಲ್ಯಾಟಿನ್ ವಿಷಯದಲ್ಲಿ ಮಾತ್ರ ತಮ್ಮ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಪೂಜೆಯನ್ನು ಜನರ ಭಾಷೆಯಲ್ಲಿ ನಡೆಸಲು ದಾರಿ ಮಾಡಿಕೊಟ್ಟ ಕ್ಯಾಥೊಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆಗೆ (1962–65) ಮೊದಲು ಕರಾವಳಿಯ ಚರ್ಚುಗಳಲ್ಲಿ ಲ್ಯಾಟಿನ್ ಪೂಜೆ ಕೇಳಿ ಬೆಳೆದ ಹಿರಿಯರಿಗೆ ಆ ಪದಗಳ ಪರಿಚಯವಿತ್ತು, ಇಂದಿನ ಕೇಳುಗರಿಗಿಲ್ಲ. ಸಾಲುಸಾಲಿನ ಅರ್ಥವನ್ನು ಅಚ್ಚುಮಾಡಿ ಪ್ರತಿಯೊಬ್ಬರ ಕೈಗೂ ಕೊಡಬೇಕು, ಭಾಗಭಾಗದ ನಡುವೆ ಚಪ್ಪಾಳೆ ಬೇಡವೆಂದು ಮೊದಲೇ ತಿಳಿಸಬೇಕು. ಟಿಕೆಟ್ಟಿನ ಬದಲು ಬಾಗಿಲ ಬಳಿ ಕಾಣಿಕೆ ಪೆಟ್ಟಿಗೆ ಇಟ್ಟರೆ, ಕೊಡಲಾಗದವರೂ ಒಳಗೆ ಬಂದು ಕುಳಿತು ಕೇಳಬಹುದು.

— ಸಂಪಾದಕ